ಆರನೇ ಮೇಜಿನ ಟೀ

ಟೀ ಅಕ್ಕ ಟೀ ಕುಡಿಯುತ್ತಿರಲಿಲ್ಲ. ಮೂವತ್ತೊಂದು ವರ್ಷ ಬ್ಯಾಂಕಿನವರಿಗೆಲ್ಲ ಟೀ ಕಾಯಿಸಿ ಕೊಟ್ಟವಳು ತಾನು ಮಾತ್ರ ಬಿಸಿನೀರು ಕುಡಿಯುತ್ತಿದ್ದಳು. ಯಾಕೆಂದು ನಾನು ಕೇಳಿದಾಗ ಅದರ ವಾಸನೆ ಸಾಕಾಗಿದೆ ಅಂದಳು. ಅವಳ ತಂಗಿ ಕೇಳಿದಾಗ ಪಿತ್ತ ಅಂದಳು. ಕಚೇರಿಯ ಸಾಹೇಬರು ಕೇಳಿದಾಗ, "ನಾನೂ ಕುಡಿದ್ರೆ ನಿಮಗೆ ಸಕ್ಕರೆ ಸಾಲಲ್ಲ" ಅಂದಳು. ಕೇಳಿದವರ ಮುಖ ನೋಡಿ ಉತ್ತರ ಕೊಡುವುದು ಅವಳ ಅಭ್ಯಾಸ. ಇಪ್ಪತ್ತೆಂಟು ವರ್ಷಗಳಿಂದ ನಾನು ಅವಳನ್ನು ಕೇಳುತ್ತ ಬಂದ ಇನ್ನೊಂದು ಪ್ರಶ್ನೆಯಿತ್ತು. ಅದಕ್ಕೂ ನನ್ನ ಹತ್ತಿರ ನಾಲ್ಕೈದು ಉತ್ತರಗಳು ಸೇರಿಕೊಂಡಿದ್ದವು, ಒಂದಕ್ಕೊಂದು ತಾಳೆಯಾಗದವು. ಕಳೆದ ತಿಂಗಳು ಕೊನೆಯದು ಸಿಕ್ಕಿತು. ಅದು ನಿಜವೆಂದೇ ನಂಬಿದ್ದೇನೆ. ನಂಬಿದ ಮೇಲೆ ತಲೆ ಇನ್ನಷ್ಟು ಕೆಟ್ಟಿದೆ.

ಅವಳು ಕೆಲಸಕ್ಕಿದ್ದದ್ದು ಬ್ಯಾಂಕುಗಳ ಕ್ಲಿಯರಿಂಗ್ ಕಚೇರಿಯಲ್ಲಿ. ಕಂಪ್ಯೂಟರ್ ಬರುವ ಮುಂಚೆ ಊರಿನ ಏಳು ಬ್ಯಾಂಕುಗಳು ದಿನಾ ಮಧ್ಯಾಹ್ನ ಮೂರಕ್ಕೆ ಒಬ್ಬೊಬ್ಬ ಗುಮಾಸ್ತರನ್ನು ಅಲ್ಲಿಗೆ ಕಳಿಸುತ್ತಿದ್ದವು. ಅವರ ಚೆಕ್ಕು ನಮ್ಮಲ್ಲಿಗೆ ಬಂದಿರುತ್ತದೆ, ನಮ್ಮದು ಇನ್ನೊಬ್ಬರಲ್ಲಿಗೆ. ಇಬ್ಬಿಬ್ಬರು ಕೂತು ಲೆಕ್ಕ ಹಾಕಿ, ಯಾರು ಯಾರಿಗೆ ಕೊಡಬೇಕಾಗಿ ಬರುತ್ತದೋ ಅವರು ಅಷ್ಟಕ್ಕೆ ಪಾವತಿ ಚೀಟಿ ಬರೆದು ನಾಲ್ಕು ಗಂಟೆಯೊಳಗೆ ಸಾಹೇಬರಿಗೆ ಒಪ್ಪಿಸಬೇಕು. ನಾಲ್ಕಕ್ಕೆ ಗಂಟೆ ಬಾರಿಸುವವಳೂ ಅಕ್ಕನೇ. ನನ್ನ ಪುಟ್ಟ ಬ್ಯಾಂಕಿನ ಪರವಾಗಿ ಹೋಗುತ್ತಿದ್ದವಳು ನಾನು. ಆಗ ನನಗೆ ಇಪ್ಪತ್ತೊಂಬತ್ತು. ನನ್ನದು ಆರನೇ ಮೇಜು, ಕಿಟಕಿಯ ಪಕ್ಕದ್ದು. ಬೇಸಿಗೆಯಲ್ಲಿ ಬಿಸಿಲು ನೇರವಾಗಿ ನನ್ನ ಕಾಗದಗಳ ಮೇಲೇ ಬೀಳುತ್ತಿತ್ತು.

ಆ ಕೋಣೆಯನ್ನು ಕಣ್ಣು ಮುಚ್ಚಿದರೂ ಕಾಣಬಲ್ಲೆ. ಹೆಗಲೆತ್ತರದವರೆಗೆ ಹಸಿರು ಬಣ್ಣ, ಅದರ ಮೇಲೆ ಸುಣ್ಣ. ಟಿಕ್ ಟಿಕ್ ಎನ್ನುವ ಫ್ಯಾನು. ಒಂದು ಗೋಡೆಯಲ್ಲಿ ಮಂಜು ಗಾಜಿನ ಕಿಂಡಿ, ಅದರ ಹಿಂದೆ ಸಾಹೇಬರು. ಆ ಒಂದು ಗಂಟೆಯಲ್ಲಿ ಎಲ್ಲರೂ ನಾಲ್ಕೈದು ಸಲ ಕಿಂಡಿಗೆ ಹೋಗಿ ಚೆಕ್ಕಿನ ಕಟ್ಟುಗಳನ್ನು ಒಳಗೆ ತಳ್ಳಿ ಬರುತ್ತಿದ್ದೆವು. ಆ ಕಟ್ಟಿನ ಜೊತೆ ಪಾವತಿ ಚೀಟಿಯೂ ಹೋಯಿತೋ ಇಲ್ಲವೋ ಪಕ್ಕದವರಿಗೆ ಗೊತ್ತಾಗುತ್ತಿರಲಿಲ್ಲ. ಗೊತ್ತಾಗಬಾರದು ಎನ್ನುವುದೇ ನಿಯಮ. ಯಾರು ಮೊದಲು ಕೊಟ್ಟರು, ಯಾರು ಎಳೆದಾಡುತ್ತಿದ್ದಾರೆ ಎನ್ನುವುದು ತಿಳಿದರೆ ಊರೆಲ್ಲ ಗುಲ್ಲಾಗುತ್ತದೆ ಎಂದು ಹಿಂದಿನವರು ಮಾಡಿಟ್ಟದ್ದು.

ಇಷ್ಟೆಲ್ಲ ಗುಟ್ಟು ಮಾಡಿದ ಸಾಹೇಬರೇ ತಮಗೆ ಗೊತ್ತಿಲ್ಲದೆ ಅದನ್ನು ಬಯಲು ಮಾಡುತ್ತಿದ್ದರು. ಗುಮಾಸ್ತರು ಟೀ ಕುಡಿಯುತ್ತ ಹರಟೆ ಹೊಡೆದು ಚೀಟಿ ಕೊಡಲು ತಡಮಾಡುತ್ತಾರೆಂದು ಅವರು ಯಾವ ಕಾಲದಲ್ಲೋ ಒಂದು ಕಟ್ಟಳೆ ಹಾಕಿದ್ದರು: ಚೀಟಿ ಕೊಟ್ಟವರಿಗೆ ಮಾತ್ರ ಟೀ. ಚೀಟಿ ಕೈಗೆ ಬಂದಕೂಡಲೇ ಅವರು ಹಿಂಬಾಗಿಲ ಕಡೆ ತಿರುಗಿ ಮೇಜಿನ ನಂಬರು ಹೇಳುವರು, ಅಕ್ಕ ಗಾಜಿನ ಲೋಟ ತಂದು ಆ ಮೇಜಿನ ಮೇಲಿಡುವಳು. ಹಾಗಾಗಿ ನಾವು ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಲೋಟ ನೋಡುತ್ತಿದ್ದೆವು. ಮೂರೂಕಾಲಿಗೇ ಲೋಟ ಬಂದರೆ ಆ ಬ್ಯಾಂಕಿನಲ್ಲಿ ದುಡ್ಡು ತುಂಬಿ ತುಳುಕುತ್ತಿದೆ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಬಂದರೆ ಏನೋ ಹುಳುಕಿದೆ. ನಮ್ಮ ಮ್ಯಾನೇಜರರು ದಿನಾ ಸಂಜೆ ಕೇಳುತ್ತಿದ್ದದ್ದು ಲೆಕ್ಕವನ್ನಲ್ಲ, ಯಾರಿಗೆ ಎಷ್ಟು ಹೊತ್ತಿಗೆ ಟೀ ಬಂತು ಎನ್ನುವುದನ್ನು. ದೊಡ್ಡವರ ಬುದ್ಧಿ ಎಂದು ಇದನ್ನೇ ಕರೆಯುತ್ತಿದ್ದರು. ನನಗೆ ನಗು ಬರುತ್ತಿತ್ತು, ಆದರೆ ನಾನೂ ನೋಡುತ್ತಿದ್ದೆ.

ಅಕ್ಕನಿಗೆ ಈ ಲೋಟದ ಲೆಕ್ಕಾಚಾರವೂ ಗೊತ್ತಿತ್ತು, ಲೆಕ್ಕದ ಬಗ್ಗೆ ಒಂದು ದೊಡ್ಡ ತಕರಾರೂ ಇತ್ತು. ನಮ್ಮ ಬಾಯಲ್ಲಿ ಬ್ಯಾಂಕುಗಳಿಗೆಲ್ಲ ಅಡ್ಡಹೆಸರು: ಸೇತುವೆಯ ಪಕ್ಕದ್ದು ಸೇತುವೆ ಬ್ಯಾಂಕು, ಬಾಗಿಲಲ್ಲಿ ದಪ್ಪ ಕಂಬಗಳಿದ್ದದ್ದು ಕಂಬದ ಬ್ಯಾಂಕು. ಒಮ್ಮೆ ಲೋಟ ಎತ್ತುತ್ತ ಕೇಳಿದಳು, "ಅಲ್ಲಮ್ಮ, ನೀವು ಸೇತುವೆ ಬ್ಯಾಂಕಿನವರಿಗೆ ಕೊಡಬೇಕು. ಅವರು ಕಂಬದ ಬ್ಯಾಂಕಿನವರಿಗೆ ಕೊಡಬೇಕು. ಕಂಬದವರು ನಿಮಗೇ ಕೊಡಬೇಕು. ಹಂಗಂದ್ಮೇಲೆ ಯಾರೂ ಯಾರಿಗೂ ಕೊಡೋದೇ ಬೇಡವಲ್ಲ?"

"ಹಂಗಲ್ಲ ಅಕ್ಕ. ಲೆಕ್ಕ ಇಬ್ಬಿಬ್ಬರ ಮಧ್ಯೆ ಮಾತ್ರ."

"ಮೂರು ಜನ ಒಟ್ಟಿಗೆ ಕೂತ್ಕೊಂಡ್ರೆ?"

"ಕೂರಲ್ಲ."

"ಯಾಕೆ?"

ಒಟ್ಟಿಗೆ ಕೂತರೆ ಇಸ್ಪೀಟಾಟದ ಹಾಗೆ ತಮ್ಮ ಕೈಯಲ್ಲಿರುವ ಎಲೆಗಳನ್ನು ತೋರಿಸಬೇಕಾಗುತ್ತದೆ, ಅದಕ್ಕೆ ಯಾರೂ ತಯಾರಿಲ್ಲ ಎಂದು ಈಗಾದರೆ ಹೇಳಿಯೇನು. ಆಗ, "ಅದು ರೂಲು ಅಕ್ಕ" ಅಂದೆ. ಅವಳು ಮೂಗು ಮುರಿದು ಲೋಟಗಳನ್ನು ಎತ್ತಿಕೊಂಡು ಹೋದಳು. ಓದಿದವಳು ನಾನು, ಪೇಚಿಗೆ ಸಿಕ್ಕಿದವಳೂ ನಾನು.

ಅವಳದು ದೊಡ್ಡ ಬದುಕೇನಲ್ಲ. ಅಪ್ಪ ಅಮ್ಮ ಬೇಗ ಹೋದ ಮೇಲೆ ತಂಗಿಯನ್ನು ಕಟ್ಟಿಕೊಂಡು ಬಾಡಿಗೆ ಕೋಣೆಗಳಲ್ಲಿ ಬಾಳಿದವಳು. ತಂಗಿ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಾಕುತ್ತಿದ್ದಳು. ಇಬ್ಬರೂ ಹತ್ತೊಂಬತ್ತು ವರ್ಷದಲ್ಲಿ ಹನ್ನೊಂದು ಮನೆ ಬದಲಾಯಿಸಿದ್ದರು. ಒಂದು ಮನೆಯಿಂದ ಗೋಡೆಗೆ ಮೊಳೆ ಹೊಡೆದದ್ದಕ್ಕೇ ಬಿಡಿಸಿದರಂತೆ. ಕೊಡೆ ತಗುಲಿಹಾಕಲು ಒಂದೇ ಒಂದು ಮೊಳೆ. ಅವತ್ತಿನಿಂದ ಅಕ್ಕನಿಗೆ ಒಂದೇ ಹಟ. ಎರಡು ಕೋಣೆಯ ಮನೆ, ತನ್ನದೇ ಬೀಗ, ತನ್ನದೇ ಗೋಡೆ. "ಮನಸ್ಸು ಬಂದಲ್ಲಿ ಮೊಳೆ ಹೊಡೀಬೇಕು. ಯಾವನೂ ಕೇಳಬಾರದು" ಎನ್ನುತ್ತಿದ್ದಳು.

ಅದಕ್ಕಾಗಿ ಕೂಡಿಟ್ಟ ದುಡ್ಡನ್ನು ಅವಳು ಮೂರು ಕಡೆ ಇಟ್ಟಿದ್ದಳು: ತಗಡಿನ ಡಬ್ಬಿಯಲ್ಲಿ, ತಂಗಿಯ ಹಾಸಿಗೆಯೊಳಗೆ, ಮತ್ತೆ ಹಳೆಯ ಮನೆಯೊಡತಿಯೊಬ್ಬರ ಬಳಿ. ದಿನಾ ಬ್ಯಾಂಕಿನವರ ಮಧ್ಯೆಯೇ ಓಡಾಡುವವಳು ಬ್ಯಾಂಕಿಗೆ ಮಾತ್ರ ಒಂದು ಕಾಸೂ ಹಾಕಿರಲಿಲ್ಲ. ಹಾಕಿಸಿದವಳು ನಾನು. ಹಿಂದೆ ಬಿದ್ದು, ದಿನಾ ಕೊರೆದು, ಕೊನೆಗೆ ನಾನೇ ಅವಳನ್ನು ನಮ್ಮ ಕೌಂಟರಿಗೆ ಕರೆದುಕೊಂಡು ಹೋಗಿ ಪಾಸ್‌ಬುಕ್ ಮಾಡಿಸಿಕೊಟ್ಟೆ. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದು ಅವಳು ಕೇಳಿದ್ದಳು. "ನಾನಿದ್ದೀನಲ್ಲ ಅಕ್ಕ" ಅಂದಿದ್ದೆ. ಎಷ್ಟು ಸಲೀಸಾಗಿ ಅಂದಿದ್ದೆ ಎನ್ನುವುದು ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಎರಡು ವರ್ಷ ಕಳೆದ ಮೇಲೆ, ಒಂದು ಶುಕ್ರವಾರ, ನಮ್ಮ ಮ್ಯಾನೇಜರರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ನಮ್ಮಿಂದ ಅತಿ ಹೆಚ್ಚು ಸಾಲ ಪಡೆದಿದ್ದ ಗಿರಣಿಯವನು ಕೈ ಎತ್ತಿದ್ದ. ನಮ್ಮ ಹತ್ತಿರ ಮಿಕ್ಕಿದ್ದು ಆರು ಲಕ್ಷ. ಮಂಗಳವಾರ ನಾವು ಸೇತುವೆ ಬ್ಯಾಂಕಿಗೆ ನಲವತ್ತು ಲಕ್ಷ ಕೊಡಬೇಕು. ಅದೇ ದಿನ ಕಂಬದ ಬ್ಯಾಂಕಿನಿಂದ ನಮಗೆ ನಲವತ್ತೆರಡು ಬರಬೇಕು.

"ಬಂದ್ರೆ ಬದುಕ್ತೀವಿ" ಅಂದರು ಮ್ಯಾನೇಜರರು.

"ಬರಲೇಬೇಕಲ್ಲ ಸಾರ್. ಕೊಡಬೇಕಾದ್ದು ತಾನೆ?"

"ಅವರಿಗೆ ನಮ್ಮ ವಿಷಯ ಗೊತ್ತಾದ್ರೆ ತಡ ಮಾಡ್ತಾರೆ. ದೊಡ್ಡವರು ಮರುದಿನ ಕೊಟ್ರೂ ದಂಡ ಕಟ್ಟಿದ್ರೆ ಆಯ್ತು. ನಮ್ಮಂಥವರಿಗೆ ಗಂಟೆ ಅಂದ್ರೆ ಗಂಟೆ. ನಾಲ್ಕಕ್ಕೆ ನಮ್ಮ ಚೀಟಿ ಇಲ್ಲ ಅಂದ್ರೆ ಕೆಂಪು ಪುಸ್ತಕಕ್ಕೆ ಹೆಸರು ಬೀಳುತ್ತೆ, ಬೆಳಿಗ್ಗೆ ಬಾಗಿಲು ಮುಚ್ಚುತ್ತೆ. ಮುಚ್ಚಿದ ಬ್ಯಾಂಕಿಗೆ ಅವರು ಪೂರ್ತಿ ಯಾಕೆ ಕೊಡ್ತಾರೆ? ಅರ್ಧಕ್ಕೆ ಚೌಕಾಸಿ ಮಾಡ್ತಾರೆ." ಆಮೇಲೆ ನನ್ನನ್ನೇ ದಿಟ್ಟಿಸಿ, "ಇದು ಈ ಕೋಣೆ ದಾಟಬಾರದು" ಅಂದರು.

ನಾನು ಬಾಯಿಗೆ ಬೀಗ ಹಾಕಿಕೊಂಡೆ. ಶನಿವಾರ ನಾನು ಮಾಡಿದ ಒಂದು ಕೆಲಸವಿದೆ. ಅದನ್ನು ಈಗ ಹೇಳಲಾರೆ, ಆದರೆ ಹೇಳದೆ ಬಿಡುವುದಿಲ್ಲ. ಸೋಮವಾರ ಅಕ್ಕ ಎಂದಿನಂತೆ ಲೋಟ ಇಟ್ಟು, "ಯಾಕಮ್ಮ, ಊಟ ಬಿಟ್ಟಿದ್ದೀರಾ?" ಎಂದು ಕೇಳಿದಳು. "ಏನಿಲ್ಲ ಅಕ್ಕ, ತಲೆನೋವು" ಅಂದೆ. ಅವಳ ಎರಡು ಕೋಣೆಯ ಮನೆ ನಮ್ಮ ಬ್ಯಾಂಕಿನಲ್ಲಿದೆ, ನಾಳೆ ಸಂಜೆಗೆ ಅದು ಉಳಿಯುತ್ತದೋ ಇಲ್ಲವೋ ದೇವರೇ ಬಲ್ಲ, ಮತ್ತು ನಾನು ತಲೆನೋವು ಎನ್ನುತ್ತಿದ್ದೇನೆ. ನಾಲಿಗೆಯ ತುದಿಯವರೆಗೆ ಬಂದದ್ದನ್ನು ಟೀ ಜೊತೆ ನುಂಗಿದೆ.

ಮಂಗಳವಾರ ಮೂರಕ್ಕೆ ಎಲ್ಲರೂ ಬಂದರು. ಕಂಬದ ಬ್ಯಾಂಕಿನ ಗುಮಾಸ್ತ ಕರವಸ್ತ್ರ ಹಾಸದೆ ಕುರ್ಚಿಯ ಮೇಲೆ ಕೂರುವವನಲ್ಲ, ಹಾಗಾಗಿ ಅವನಿಗೆ ಕರವಸ್ತ್ರದವನು ಎಂದೇ ಹೆಸರು. ಅವನು ನಾಲ್ಕು ಮಡಿಕೆ ಮಾಡಿದ ಕರವಸ್ತ್ರ ಹಾಸಿ ಕೂತ. ಸೇತುವೆ ಬ್ಯಾಂಕಿನವರು ವಯಸ್ಸಾದವರು, ಪ್ರತಿ ಮಾತಿಗೂ ಮುಂಚೆ ಕೆಮ್ಮುವವರು, ಕೆಮ್ಮಣ್ಣ ಎಂದರೆ ಅವರಿಗೂ ಬೇಸರವಿಲ್ಲ. ಚೆಕ್ಕಿನ ಕಟ್ಟುಗಳು ಹೋದವು, ಬಂದವು. ಮೂರೂಕಾಲಾಯಿತು. ಒಬ್ಬರಿಗೂ ಟೀ ಬರಲಿಲ್ಲ.

ಮೂರೂವರೆಯಾಯಿತು. ಏಳು ಮೇಜು, ಒಂದೂ ಲೋಟವಿಲ್ಲ. ಅಂಥದ್ದನ್ನು ನಾನು ನೋಡಿರಲಿಲ್ಲ.

ನನ್ನ ಕೈಚೀಲದಲ್ಲಿ ನಲವತ್ತು ಲಕ್ಷದ ಚೀಟಿ ಬರೆದು ಸಿದ್ಧವಿತ್ತು, ಆದರೆ ಕಂಬದವರ ದುಡ್ಡು ಬಾರದೆ ಸಾಹೇಬರು ಅದನ್ನು ಮುಟ್ಟುವಂತಿಲ್ಲ. ಕರವಸ್ತ್ರದವನ ಜೇಬಿನಲ್ಲಿ ನಮಗೆ ಕೊಡಬೇಕಾದ ಚೀಟಿ ಇದ್ದೇ ಇತ್ತು, ಅದರ ಮೂಲೆ ಕಾಣುತ್ತಿತ್ತು. ಕೆಮ್ಮಣ್ಣನ ಹತ್ತಿರ ಕಂಬದವರಿಗೆ ಕೊಡಬೇಕಾದದ್ದಿತ್ತು. ಅವರು ನನ್ನದು ಬರಲೆಂದು ಕಾಯುತ್ತಿದ್ದರು, ನಾನು ಕರವಸ್ತ್ರದವನದು ಬರಲೆಂದು, ಅವನು ಕೆಮ್ಮಣ್ಣನದು ಬರಲೆಂದು. ಇಲ್ಲ, ಅವನು ಕಾಯುತ್ತಿದ್ದದ್ದು ಅದಕ್ಕಲ್ಲ, ನಾಲ್ಕರ ಗಂಟೆಗೆ. ಅಥವಾ ಎರಡಕ್ಕೂ ಇರಬಹುದು. ಉಳಿದ ನಾಲ್ವರು ಇವರ ಮುಖ ನೋಡಿಕೊಂಡು ತಮ್ಮ ಚೀಟಿಗಳ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಎಲ್ಲರ ಮ್ಯಾನೇಜರರೂ ಒಂದೇ ಮಾತು ಹೇಳಿ ಕಳಿಸಿರಬೇಕು: ಮೊದಲು ಅವರು ಹಾಕಲಿ. ಏಳು ಬ್ಯಾಂಕುಗಳಿಗೂ ಕೊಡಲು ದಾರಿಯಿತ್ತು, ಯಾರೂ ಕೊಡುತ್ತಿರಲಿಲ್ಲ. ಅಕ್ಕನ ಪ್ರಶ್ನೆ ನೆನಪಾಗಿ ಅಳು ಬಂದಂತಾಯಿತು. ಹಂಗಂದ್ಮೇಲೆ ಯಾರೂ ಯಾರಿಗೂ ಕೊಡೋದೇ ಬೇಡವಲ್ಲ?

ಮೂರು ಮೂವತ್ತೆಂಟಕ್ಕೆ ಅಡುಗೆ ಕೋಣೆಯ ಬಾಗಿಲು ತೆರೆಯಿತು. ಅಕ್ಕ ಒಂದೇ ಒಂದು ಲೋಟ ಹಿಡಿದು ಬಂದಳು. ಎಲ್ಲರ ಕಣ್ಣೂ ಆ ಲೋಟದ ಜೊತೆ ನಡೆಯಿತು. ಅವಳು ಒಂದನೇ ಮೇಜು ದಾಟಿದಳು, ಕರವಸ್ತ್ರದವನ ಮೂರನೇ ಮೇಜು ದಾಟಿದಳು, ಬಂದು ನನ್ನ ಮುಂದೆ ಇಟ್ಟಳು.

ನಾನು ಚೀಟಿ ಕೊಟ್ಟಿರಲಿಲ್ಲ. ಅವಳಿಗೂ ಅದು ಗೊತ್ತಿರಲೇಬೇಕು, ಸಾಹೇಬರು ನಂಬರು ಹೇಳಿರಲಿಲ್ಲ. "ಅಕ್ಕ," ಎಂದು ಶುರುಮಾಡಿದೆ.

"ಕುಡೀರಿ" ಅಂದಳು. ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ.

ಆಗ ನಾನು ಒಂದು ಮಾತು ಹೇಳಬೇಕಿತ್ತು. ನಂದು ಇನ್ನೂ ಆಗಿಲ್ಲ, ತಪ್ಪಿ ಕೊಟ್ಟಿದ್ದೀರಿ. ಅಷ್ಟೇ. ಹೇಳಲಿಲ್ಲ. ಲೋಟ ಎತ್ತಿ ಕುಡಿದೆ. ನಾಲಿಗೆ ಸುಟ್ಟರೂ ನಿಲ್ಲಿಸದೆ ಕುಡಿದೆ.

ಆಮೇಲೆ ನಡೆದದ್ದಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಕರವಸ್ತ್ರದವನ ಮುಖದಲ್ಲಿ ಲೆಕ್ಕ ಓಡುವುದು ಕಾಣಿಸಿತು. ಪುಟ್ಟ ಬ್ಯಾಂಕು ಚೀಟಿ ಹಾಕಿದೆ. ಅಂದರೆ ಅವರ ಬೆನ್ನಿಗೆ ಯಾರೋ ದುಡ್ಡಿನವರು ನಿಂತಿದ್ದಾರೆ. ಅಂದರೆ ಇವರು ಸಾಯುವುದಿಲ್ಲ. ಸಾಯದವರಿಗೆ ತಡಮಾಡಿ ಕೊಟ್ಟರೆ ಬರುವುದು ದಂಡ ಮಾತ್ರ. ಅವನು ಎದ್ದ ರಭಸಕ್ಕೆ ಕರವಸ್ತ್ರ ಕೆಳಗೆ ಬಿತ್ತು, ಎತ್ತಿಕೊಳ್ಳಲೂ ಇಲ್ಲ. ಕಿಂಡಿಗೆ ಹೋಗಿ ಬಂದ, ಅವನಿಗೂ ಟೀ ಬಂತು. ಎರಡು ಲೋಟ ನೋಡಿದ ಕೆಮ್ಮಣ್ಣ ಕೆಮ್ಮುವುದನ್ನೂ ಮರೆತು ಎದ್ದರು. ಸಾಹೇಬರು ಕಿಂಡಿಯಿಂದ "ಆರನೇ ನಂಬರು" ಎಂದು ಕರೆದು, ನಮ್ಮ ಹೆಸರಿಗೆ ನಲವತ್ತೆರಡು ಬಂದಿದೆ ಅಂದರು. ನಾನು ಚೀಟಿ ತಳ್ಳಿದೆ. ಅವರು ಮೂರು ಐವತ್ನಾಲ್ಕು ಎಂದು ಮೊಹರು ಒತ್ತಿದರು. ಅಕ್ಕ ನಾಲ್ಕರ ಗಂಟೆ ಬಾರಿಸುವಾಗ ಏಳೂ ಮೇಜಿನ ಮೇಲೆ ಏಳು ಲೋಟಗಳಿದ್ದವು. ಕೆಂಪು ಪುಸ್ತಕವನ್ನು ಯಾರೂ ತೆರೆಯಲಿಲ್ಲ.

ಕರವಸ್ತ್ರದವನು ದಡ್ಡನಲ್ಲ. ಮರುದಿನ ಕೆಮ್ಮಣ್ಣನ ಕೈಸೇರಿದ್ದ ನಮ್ಮ ಚೀಟಿಯ ಮೊಹರಿನ ಸಮಯ ನೋಡಿ, ಟೀ ಬಂದ ಸಮಯ ಜ್ಞಾಪಿಸಿಕೊಂಡು, ದೂರು ಕೊಟ್ಟ. ಆದರೆ ದೂರಿನಲ್ಲಿ ಬರೆಯುವುದೇನನ್ನು? ಕೊಡಬೇಕಾದ ದುಡ್ಡನ್ನು ಕೊಡುವಂತೆ ಮಾಡಿಬಿಟ್ಟರು ಎಂದೇ? ಕೊನೆಗೆ "ಟೀ ವಿತರಣೆಯಲ್ಲಿ ಕ್ರಮ ತಪ್ಪಿದೆ" ಎಂದು ಬರೆದನಂತೆ. ಸಾಹೇಬರು ಅಕ್ಕನನ್ನು ಕರೆಸಿದರು. ನಾನೂ ಅಲ್ಲೇ ಇದ್ದೆ.

"ಮೇಜು ತಪ್ಪಾಯ್ತು ಸಾಹೇಬ್ರೆ" ಅಂದಳು ಅಕ್ಕ.

"ಹತ್ತೊಂಬತ್ತು ವರ್ಷದಲ್ಲಿ ಒಂದು ಸಲಾನೂ ತಪ್ಪಿಲ್ಲ. ನಾನು ನಂಬರೇ ಹೇಳಿರ್ಲಿಲ್ಲವಲ್ಲ?"

"ಅದಕ್ಕೇ ತಪ್ಪಾಯ್ತು."

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಒಂದು ವಾರದ ಸಂಬಳ ಮುರಿದುಕೊಂಡರು. ಮುಂದೆ ಎಲ್ಲರಿಗೂ ಮೂರು ಗಂಟೆಗೇ ಟೀ ಎಂದು ಹೊಸ ಕಟ್ಟಳೆ ಬಂತು. ನೋಡಲು ಲೋಟವಿಲ್ಲದೆ ಗುಮಾಸ್ತರೆಲ್ಲ ಕೆಲವು ದಿನ ದಿಕ್ಕು ತಪ್ಪಿದವರ ಹಾಗೆ ಕೂತಿದ್ದರು. ಆಮೇಲೆ ಒಬ್ಬರ ಬೂಟಿನ ಸದ್ದನ್ನು ಇನ್ನೊಬ್ಬರು ಆಲಿಸಲು ಕಲಿತರು. ಅಭ್ಯಾಸ ಎಲ್ಲಿ ಹೋಗುತ್ತದೆ.

ಮುರಿದುಕೊಂಡ ಸಂಬಳವನ್ನು ನಾನು ಕೊಡಲು ಹೋದೆ. ಅವಳು ತೆಗೆದುಕೊಳ್ಳಲಿಲ್ಲ. ಯಾಕೆ ಹಾಗೆ ಮಾಡಿದಿರಿ ಎಂದು ಆಗಲೇ ಮೊದಲ ಸಲ ಕೇಳಿದ್ದು. "ನಿಮ್ಮ ಮುಖ ಸುಣ್ಣ ಬಳಿದಂಗಿತ್ತು. ಬಿದ್ದುಗಿದ್ದು ಹೋಗ್ತೀರೇನೋ ಅನ್ನಿಸ್ತು" ಅಂದಳು. ಮುಂದಿನ ವರ್ಷ ಕೇಳಿದಾಗ, "ಎರಡು ಸಲ ಕಾಯಿಸಿದ ಟೀ, ಕಹಿಯಾಗ್ತಿತ್ತು, ಯಾರಾದ್ರೂ ಒಬ್ರು ಕುಡೀಲಿ ಅಂತ" ಅಂದಳು. ಇನ್ನೊಮ್ಮೆ, "ಆ ಕರವಸ್ತ್ರದವನ ಸೊಕ್ಕು ನೋಡೋಕಾಗ್ಲಿಲ್ಲ" ಅಂದಳು.

ನಾನು ಇವೊಂದನ್ನೂ ನಂಬಲಿಲ್ಲ. ನನ್ನದೇ ಒಂದು ಉತ್ತರವಿತ್ತು, ಮತ್ತು ಅದರ ಬಗ್ಗೆ ನನಗೆ ಬಹಳ ಹೆಮ್ಮೆ. ಅಕ್ಕ ತನ್ನ ದುಡ್ಡು ಉಳಿಸಿಕೊಳ್ಳಲು ಹಾಗೆ ಮಾಡಿದಳು. ಅವಳ ಮನೆ ನಮ್ಮ ಬ್ಯಾಂಕಿನಲ್ಲಿತ್ತು, ನಾವು ಮುಳುಗುತ್ತೇವೆಂದು ಅವಳಿಗೆ ಹೇಗೋ ವಾಸನೆ ಬಡಿಯಿತು, ಒಂದು ಲೋಟ ಟೀಯಿಂದ ಏಳು ಬ್ಯಾಂಕುಗಳ ಆಟ ಕೆಡಿಸಿದಳು. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಪಾಠ ಹೇಳುವಾಗ ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ. ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಕಥೆಯಲ್ಲಿ ಒಂದು ಭಾಗ ನಾನು ಯಾವತ್ತೂ ಹೇಳುತ್ತಿರಲಿಲ್ಲ.

ಐದು ವರ್ಷದ ನಂತರ ಅಕ್ಕ ಮನೆ ಕೊಂಡಳು. ಎರಡೇ ಕೋಣೆ, ಹಿಂದೆ ಬಟ್ಟೆ ಒಗೆಯಲು ಒಂದು ಚಪ್ಪಡಿ. ಮೊದಲ ದಿನವೇ ಹದಿನಾರು ಮೊಳೆ ಹೊಡೆದಳು. ಕೊಡೆ, ಸೌಟು, ಕ್ಯಾಲೆಂಡರು, ತಂಗಿಯ ಅಳತೆ ಟೇಪು, ಕೊನೆಗೆ ತಗುಲಿಹಾಕಲು ಏನೂ ಉಳಿಯದೆ ಸುಮ್ಮನೆ ಎರಡು ಮೊಳೆ. ಕ್ಲಿಯರಿಂಗ್ ಕೋಣೆ ಮುಚ್ಚಿತು, ಸಾಹೇಬರು ತೀರಿಕೊಂಡರು, ನಮ್ಮ ಪುಟ್ಟ ಬ್ಯಾಂಕನ್ನು ಕಂಬದ ಬ್ಯಾಂಕೇ ಒಂದು ಒಳ್ಳೆಯ ದಿನ ಫೋಟೋ ತೆಗೆಸಿಕೊಂಡು ನುಂಗಿತು. ನಾನು ಆಗಾಗ ಆ ಮನೆಗೆ ಹೋಗುತ್ತಿದ್ದೆ. ಅಕ್ಕ ನನ್ನನ್ನು ಬಹುವಚನದಿಂದ ಏಕವಚನಕ್ಕೆ ಇಳಿಸಿದ್ದು ಅಲ್ಲೇ.

ಕಳೆದ ತಿಂಗಳು ಕರೆಸಿದಳು. ಅವಳಿಗೀಗ ಎಪ್ಪತ್ನಾಲ್ಕು. ಮನೆಗೆ ತಂಗಿಯ ಹೆಸರನ್ನೂ ಸೇರಿಸಬೇಕಂತೆ, ದುಡ್ಡು ಎಲ್ಲಿಂದ ಬಂತೆನ್ನುವುದಕ್ಕೆ ಹಳೆಯ ಕಾಗದ ಕೇಳಿದ್ದಾರಂತೆ. ಒಂದು ಚೀಲದ ತುಂಬ ಪಾಸ್‌ಬುಕ್‌ಗಳನ್ನು ನನ್ನ ಮುಂದೆ ಸುರಿದಳು. ತಂಗಿ ಒಳಗೆ ಟೀ ಕಾಯಿಸುತ್ತಿದ್ದಳು. ನಾನು ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ತಿರುಗಿಸುತ್ತ ಹೋದೆ.

ಆ ತಾರೀಕು ನನಗೆ ಮರೆಯುವಂಥದ್ದಲ್ಲ. ಆ ಮಂಗಳವಾರ. ಅದರ ಮುಂದೆ ಒಂದು ಸಾಲು: ಪೂರ್ತಿ ಮೊತ್ತ ವಾಪಸ್. ಉಳಿಕೆ ಸೊನ್ನೆ. ಅದರ ಕೆಳಗೆ ಮರುದಿನದ ತಾರೀಕು: ಅಷ್ಟೇ ಮೊತ್ತ ಜಮೆ.

ಮೂರು ಸಲ ಓದಿದೆ. ತಾರೀಕು ತಪ್ಪಿರಬಹುದೆಂದು ಮೊಹರು ನೋಡಿದೆ. ತಪ್ಪಿರಲಿಲ್ಲ.

"ಅಕ್ಕ, ಇದೇನು?"

ಅವಳು ಬಗ್ಗಿ ನೋಡಿದಳು. ಅವಳಿಗೆ ಅಕ್ಷರ ಕಾಣುವುದಿಲ್ಲ, ಆದರೂ ಯಾವ ಪುಟವೆಂದು ಗೊತ್ತಾಯಿತು.

"ಬೆಳಿಗ್ಗೆನೇ ತೆಗೆದ್ಬಿಟ್ಟೆ" ಅಂದಳು.

"ನಿಮಗೆ ಹೇಗೆ ಗೊತ್ತಾಯ್ತು?"

"ಹಿಂದಿನ ದಿನ ಕರವಸ್ತ್ರದವನೂ ಕೆಮ್ಮಣ್ಣನೂ ನನ್ನ ಒಲೆ ಹತ್ರನೇ ನಿಂತು ಮಾತಾಡ್ಕೊಂಡ್ರು. ಪುಟ್ಟ ಬ್ಯಾಂಕಿಂದು ನಾಳೆಗೆ ಮುಗೀತು, ನಾವು ಸುಮ್ಮನಿದ್ರೆ ಸಾಕು ಅಂತ. ಟೀಯವಳ ಮುಂದೆ ದನಿ ತಗ್ಗಿಸ್ತಾರಾ ಯಾರಾದ್ರೂ?"

"ಹಂಗಾದ್ರೆ ಟೀ ತಂದಿಟ್ಟಾಗ..."

"ದುಡ್ಡು ನನ್ನ ಸೊಂಟದಲ್ಲಿತ್ತು ಕಣೆ. ಬಟ್ಟೆ ಚೀಲದಲ್ಲಿ ಕಟ್ಕೊಂಡಿದ್ದೆ. ಬಗ್ಗಿದ್ರೆ ಚುಚ್ತಿತ್ತು."

ನನ್ನ ಇಪ್ಪತ್ತೆಂಟು ವರ್ಷದ ಕಥೆ ಅಲ್ಲೇ ಕುಸಿಯಿತು. ಉಳಿಸಿಕೊಳ್ಳಲು ಅವಳದೇನೂ ನಮ್ಮಲ್ಲಿರಲಿಲ್ಲ. ಮತ್ತೆ ಯಾಕೆ? ನಾನು ಅದನ್ನೇ ಕೇಳಿದೆ. ಈ ಸಲ ಅವಳು ನನ್ನ ಮುಖ ನೋಡಿ ಉತ್ತರ ಹುಡುಕಲಿಲ್ಲ, ಗೋಡೆಯ ಮೊಳೆಗಳ ಕಡೆ ನೋಡುತ್ತಿದ್ದಳು.

"ನನ್ನದು ತಗೊಂಡೆ. ನಿನಗೆ ಒಂದು ಮಾತು ಹೇಳ್ಲಿಲ್ಲ. ನಿನ್ನ ಸಂಬಳ, ನಿನ್ನ ದುಡ್ಡು ಎಲ್ಲಾ ಅಲ್ಲೇ ಇರತ್ತೆ, ಅದೂ ಹೋಗತ್ತೆ ಅಂತ ಗೊತ್ತಿತ್ತು. ಹೇಳಿದ್ರೆ ನೀನು ನಿಮ್ಮ ಮ್ಯಾನೇಜರ್ರಿಗೆ ಹೇಳ್ತೀಯ, ಅವ್ರು ಕೌಂಟರು ಮುಚ್ತಾರೆ, ನನ್ನದು ಸಿಗಲ್ಲ ಅಂತ ಸುಮ್ಮನಾದೆ. ಮಧ್ಯಾಹ್ನ ಬಾಗಿಲ ಸಂದಿಯಿಂದ ನೋಡ್ತಾ ಇದ್ದೆ. ಏಳು ಜನ ಜೇಬು ಹಿಡ್ಕೊಂಡು ಕೂತಿದ್ರು. ನಾನು ಒಳಗೆ ಸೊಂಟ ಹಿಡ್ಕೊಂಡು ನಿಂತಿದ್ದೆ. ಇವರಿಗೂ ನನಗೂ ಏನು ವ್ಯತ್ಯಾಸ ಅನ್ನಿಸ್ತು. ಕೈಗೆ ಏನು ಸಿಕ್ತೋ ಅದನ್ನ ತಂದಿಟ್ಟೆ. ಟೀ ತಾನೆ ಇದ್ದದ್ದು."

"ಇಡೀ ಆಟ ಅದರಿಂದ ತಿರುಗತ್ತೆ ಅಂತ ಗೊತ್ತಿತ್ತಾ?"

"ಗೊತ್ತಿತ್ತೋ ಏನೋ. ಗೊತ್ತಿಲ್ಲ. ಅಷ್ಟು ಹೊತ್ತಿಗೆ ನನಗೆ ಏನೂ ಗೊತ್ತಾಗ್ತಿರ್ಲಿಲ್ಲ."

"ಮರುದಿನ ವಾಪಸ್ ಯಾಕೆ ಹಾಕಿದ್ರಿ?"

"ನೀನು ಕುಡಿದ್ಯಲ್ಲ. ನಂದಿನ್ನೂ ಆಗಿಲ್ಲ ಅಂತ ಒಂದು ಮಾತು ಅಂದಿದ್ರೆ ನನ್ನ ಕೆಲಸ ಅಲ್ಲೇ ಹೋಗ್ತಿತ್ತು. ನೀನು ನನ್ನ ಬಿಟ್ಟುಕೊಡ್ಲಿಲ್ಲ. ಇವಳು ಇರೋ ಕಡೆ ಇಟ್ರೆ ಭಯ ಇಲ್ಲ ಅಂತ ಹಾಕಿದೆ."

ನಾನು ಕುಡಿದದ್ದು ಅವಳನ್ನು ಕಾಪಾಡಲು ಅಲ್ಲ. ಹೆದರಿಕೆಗೆ ಕುಡಿದೆ. ಅವಳು ನನ್ನ ಹೆದರಿಕೆಯನ್ನು ನಂಬಿಕೆ ಎಂದುಕೊಂಡಳು, ನಾನು ಅವಳ ಪಶ್ಚಾತ್ತಾಪವನ್ನು ಜಾಣತನ ಎಂದುಕೊಂಡೆ. ಈ ಎರಡು ತಪ್ಪು ಲೆಕ್ಕದ ಮೇಲೆ ಇಷ್ಟು ವರ್ಷ ಬಂದು ಹೋಗಿ ಮಾಡಿದ್ದೇವೆ. ಲೆಕ್ಕ ತಪ್ಪಾದರೂ ಮೊತ್ತ ಸರಿ ಬಂದಿತ್ತು. ಅದು ಹೇಗೆಂದು ನನಗೆ ಅರ್ಥವಾಗುವುದಿಲ್ಲ.

ತಂಗಿ ಮೂರು ಲೋಟ ತಂದು ಚಾಪೆಯ ಮೇಲಿಟ್ಟು ಒಳಗೆ ಹೋದಳು. ಎರಡರಲ್ಲಿ ಟೀ, ಒಂದರಲ್ಲಿ ಬಿಸಿನೀರು. ನಾನು ಕೈ ಚಾಚುವಷ್ಟರಲ್ಲಿ ಅಕ್ಕ ನನ್ನ ಲೋಟವನ್ನು ತನ್ನ ಕಡೆ ಎಳೆದುಕೊಂಡು ಅದರ ಮೇಲೆ ಅಂಗೈ ಮುಚ್ಚಿದಳು.

"ನನ್ನದು ಹೇಳಿ ಆಯ್ತು" ಅಂದಳು. "ಆವತ್ತು ನಿನ್ನ ದುಡ್ಡು ಎಲ್ಲಿತ್ತು?"

ಫ್ಯಾನು ತಿರುಗುತ್ತಿತ್ತು. ಮೊಳೆಗೆ ಹಾಕಿದ್ದ ಅಳತೆ ಟೇಪು ಅಲುಗಾಡುತ್ತಿತ್ತು. ಅವಳಿಗೆ ಇದು ಮೊದಲೇ ಗೊತ್ತಿತ್ತೋ, ಈಗ ಹೊಳೆಯಿತೋ, ಸುಮ್ಮನೆ ಕೇಳಿದಳೋ, ನನಗೆ ತಿಳಿಯಲಿಲ್ಲ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

"ಕಂಬದ ಬ್ಯಾಂಕಲ್ಲಿ" ಅಂದೆ. "ಶನಿವಾರನೇ ಎಲ್ಲಾ ತೆಗೆದು ಅಲ್ಲಿಗೆ ಹಾಕಿದ್ದೆ. ಶುಕ್ರವಾರದಿಂದ ನನಗೆ ಗೊತ್ತಿತ್ತು. ನಿಮಗೆ ಹೇಳ್ಲಿಲ್ಲ ಅಕ್ಕ."

ಅವಳು ಅಂಗೈ ತೆಗೆದು ಲೋಟವನ್ನು ನನ್ನ ಮುಂದಕ್ಕೆ ತಳ್ಳಿದಳು.

"ಚೀಟಿ ಬಂತು" ಅಂದಳು. "ಈಗ ಕುಡಿ."